ಮಾವನ ಮೋಟಾರು ಮನೆಗೆ ದೀಪ ಹತ್ತಿದ್ದು

ನಮ್ಮ ಸೋದರಮಾವ ಒಂದು ದೀಪ ಹತ್ತಿಸಲು ಹೊರಟರೆ ಮೊದಲೇ ಉರಿಯುತ್ತಿದ್ದ ದೀಪಗಳೂ ಆರಿಹೋಗುತ್ತಿದ್ದವು. ಹೊಟ್ಟೆಕಿಚ್ಚಿನಿಂದ ಹೇಳುತ್ತಿಲ್ಲ, ಪಕ್ಕದಲ್ಲಿ ನಿಂತು ಟಾರ್ಚು ಹಿಡಿದ ಅನುಭವದಿಂದ ಹೇಳುತ್ತಿದ್ದೇನೆ. ನನ್ನ ಟಾರ್ಚು ಸತ್ತದ್ದೂ ಅವರ ರಿಪೇರಿಯಿಂದಲೇ!

ಎರಡನೇ ಮಹಾಯುದ್ಧ ಮುಗಿದ ಮೇಲೆ ಬೆಂಗಳೂರಿನ ದಂಡು ಪ್ರದೇಶದಲ್ಲಿ ಮಿಲಿಟರಿಯ ಹಳೇ ಗಾಡಿಗಳನ್ನು ಹರಾಜು ಹಾಕಿದರು. ಬುದ್ಧಿವಂತರು ಲಾರಿ ಕೊಂಡರು. ಮಾವ ಮಾತ್ರ ಗಾಯಾಳುಗಳನ್ನು ಸಾಗಿಸುತ್ತಿದ್ದ ಒಂದು ವ್ಯಾನು ಕೊಂಡು ಸೂಲಿಬೆಲೆಗೆ ತಂದರು. ಅದರೊಳಗೆ ಮಂಚ, ಒಲೆ, ನೀರಿನ ಕೊಡ, ದೇವರ ಗೂಡು ಎಲ್ಲ ಕೂರಿಸಿ 'ಮೋಟಾರು ಮನೆ' ಎಂದು ಹೆಸರಿಟ್ಟರು. ರಾಗಿ ಬೆಳೆಯುವ ಮನುಷ್ಯನಿಗೆ ಚಕ್ರದ ಮೇಲೆ ಮನೆ ಯಾಕೆ? ಊರೆಲ್ಲ ಕೇಳಿತು. ಉತ್ತರಕ್ಕೆ ಕಾಯದೆ ನಕ್ಕಿತು.

ಕಾರಣ ನಮ್ಮ ಅಜ್ಜಿ, ಎಂದರೆ ಮಾವನ ತಾಯಿ. ಅನುಗೊಂಡನಹಳ್ಳಿಯಲ್ಲಿದ್ದ ಅವಳ ತಮ್ಮ, ಹೊಸ ಮನೆಯ ಗೃಹಪ್ರವೇಶಕ್ಕೆ ತಾವೇ ಬಂದು ಕರೆಯದೆ ಆಳಿನ ಕೈಲಿ ಹೇಳಿಕಳಿಸಿದ್ದರು. "ಅವನ ಹೊಸಲು ತುಳಿಯಲ್ಲ," ಅಂದಳು ಅಜ್ಜಿ. "ಹಂಗಾದ್ರೆ ನಾನೂ ಸೂಲಿಬೆಲೆಗೆ ಕಾಲಿಡಲ್ಲ," ಅಂದರು ಅವರು. ವರ್ಷಗಳು ಕಳೆದು ಇಬ್ಬರ ಕೂದಲೂ ಬೆಳ್ಳಗಾಯಿತು, ಹಟ ಮಾತ್ರ ಹಾಗೇ ಉಳಿಯಿತು. ಈಗ ಅಜ್ಜಿಯ ಕಣ್ಣಿಗೆ ಪೊರೆ ಬರುತ್ತಿತ್ತು. "ಪೂರಾ ಕತ್ತಲಾಗೋಕೆ ಮುಂಚೆ ಅವನ ಮುಖ ಒಂದ್ಸಲ ನೋಡ್ಬೇಕಿತ್ತು ಕಣೋ," ಎಂದು ಮಗನ ಹತ್ತಿರ ಹೇಳಿಕೊಂಡಿದ್ದಳು. ಮಾವನ ತಲೆ ಓಡಿತು. ಅಜ್ಜಿ ತನ್ನ ಮನೆಯಲ್ಲೇ ಇರಬೇಕು, ಆ ಮನೆ ಹೋಗಿ ತಮ್ಮನ ಬಾಗಿಲ ಮುಂದೆ ನಿಲ್ಲಬೇಕು. ಇಬ್ಬರ ಶಪಥಕ್ಕೂ ಭಂಗವಿಲ್ಲ!

ಅಜ್ಜಿ ಒಪ್ಪಿದಳು, ಒಂದು ಷರತ್ತಿನ ಮೇಲೆ. "ಮುಸ್ಸಂಜೆ ದೀಪ ಹತ್ತಿ ಅದಕ್ಕೆ ಕೈಮುಗಿದ್ರೇನೇ ಮನೆ. ಇಲ್ದಿದ್ರೆ ಅದು ಡಬ್ಬ. ಡಬ್ಬದೊಳಕ್ಕೆ ನನ್ನ ತಮ್ಮನ್ನ ಕರೆಯಲ್ಲ."

ಮೊದಲು ಹರಳೆಣ್ಣೆ ದೀಪವನ್ನೇ ಇಟ್ಟು ನೋಡಿದರು. ಹೊಸಕೋಟೆ ದಾರಿಯ ಮೊದಲ ಹಳ್ಳಕ್ಕೆ ಗಾಡಿ ಇಳಿದಾಗ ದೀಪ ಉರುಳಿ ಪರದೆಗೆ ಬೆಂಕಿ ಹತ್ತಿತು. ಪರದೆ ಎಂದರೆ ಅತ್ತೆಯ ದೊಡ್ಡಬಳ್ಳಾಪುರದ ಸೀರೆ. ತನ್ನ ಸೀರೆ ಪರದೆಯಾಗಿದೆ ಎಂಬ ಸಂಗತಿ ಅತ್ತೆಗೆ ತಿಳಿದದ್ದೇ ಅದು ಸುಟ್ಟ ಮೇಲೆ. ಆ ವಾರವೆಲ್ಲ ಮಾವ ಮೋಟಾರು ಮನೆಯಲ್ಲೇ, ತಾವೇ ಬೇಯಿಸಿಕೊಂಡು ಉಂಡರು.

ಆಮೇಲೆ ಕರೆಂಟು. ಗಾಡಿಯ ಬ್ಯಾಟರಿ ಗಾಡಿಗೇ ಇರಲಿ ಎಂದು, ದೀಪಕ್ಕೆ ಬೇರೆ ಬ್ಯಾಟರಿ ತಂದು ಮಂಚದ ಕೆಳಗಿಟ್ಟು, ತಾವೇ ತಂತಿ ಎಳೆದರು. ನಮ್ಮನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ಗಂಭೀರವಾಗಿ ಸ್ವಿಚ್ಚು ಒತ್ತಿದರು. ಹಾರನ್ನು ಕೂಗಿತು! ಕೂಗಿದ್ದು ನಿಲ್ಲಲೂ ಇಲ್ಲ. ಹೊಸಕೋಟೆ ಬಸ್ಸು ಬಂತೆಂದು ಆಚೆ ಬೀದಿಯವರು ಗಂಟುಮೂಟೆ ಹೊತ್ತು ಓಡಿಬಂದರು.

"ಕರೆಂಟು ಬಂದದೆ ಕಣಯ್ಯ, ಬಲ್ಬಿನ ದಾರಿ ಗೊತ್ತಾಗಿಲ್ಲ ಅಷ್ಟೆ," ಎಂದರು ಮಾವ.

ದಾರಿ ಗೊತ್ತಾಗಲು ತಿಂಗಳುಗಟ್ಟಲೆ ಹಿಡಿಯಿತು. ಕೊನೆಗೆ ಒಂದು ಸಂಜೆ ಬಲ್ಬು ಹತ್ತಿತು. ಅಜ್ಜಿ ಕಣ್ಣು ಕಿರಿದು ಮಾಡಿ, "ಮಬ್ಬುಮಬ್ಬಾಗಿ ಕಾಣ್ತದೆ, ಆದ್ರೂ ಹತ್ಕೊಂಡದೆ," ಎಂದು ಕೈಮುಗಿದಳು. ವಿಜಯದಶಮಿಗೆ ಪ್ರಯಾಣ ಎಂದು ತೀರ್ಮಾನವಾಯಿತು.

ಹಿಂದಿನ ದಿನ ಆಯುಧಪೂಜೆ. ಮಾವ ದೀಪದ ಬ್ಯಾಟರಿಯನ್ನು ಬಿಚ್ಚಿ ತಂದು, ಒರೆಸಿ, ಅರಿಶಿನ ಕುಂಕುಮ ಹಚ್ಚಿದರು. ಎತ್ತಿನ ಕೊಂಬಿಗೆ ಕಟ್ಟುವ ಹಾಗೆ ಅದರ ಮೇಲೆ ತಂತಿ ಸಿಕ್ಕಿಸುವ ಎರಡು ಸೀಸದ ಮೊಳೆಗಳಿಗೂ ಅರಿಶಿನದ ದಾರವನ್ನು ಒತ್ತಾಗಿ ಸುತ್ತಿದರು. ಮತ್ತೆ ಮಂಚದ ಕೆಳಗಿಟ್ಟು, ಆ ದಾರದ ಮೇಲೆಯೇ ತಂತಿ ಕೂರಿಸಿ ಬಿಗಿದರು. ಭಕ್ತಿಗೆ ಒಂದು ಮಿತಿ ಬೇಡವೇ?

ಮಾರನೆಯ ದಿನ ಹೊತ್ತು ಇಳಿಯುವಾಗ ಗಾಡಿ ಅನುಗೊಂಡನಹಳ್ಳಿಯಲ್ಲಿ ಆ ಮನೆಯ ಎದುರು ನಿಂತಿತು. ಅಜ್ಜಿಯ ತಮ್ಮ ಜಗಲಿಯಲ್ಲಿ ಕೈಕಟ್ಟಿ ಕೂತು ನೋಡುತ್ತಿದ್ದರು. ಏಳಲಿಲ್ಲ. ಅಜ್ಜಿ ಮಂಚದ ಮೇಲೆ ಕೂತು, "ಹಚ್ಚೋ," ಎಂದಳು. ಮಾವ ಸ್ವಿಚ್ಚು ಒತ್ತಿದರು. ಏನೂ ಇಲ್ಲ. ಬಲ್ಬು ಬಿಚ್ಚಿ ಪಂಚೆಯಲ್ಲಿ ಒರೆಸಿದರು. ನನ್ನನ್ನು ಬೈದರು. ಛಾವಣಿಯ ತಂತಿ ಎಳೆದರು, ಅದು ರುಮಾಲಿಗೆ ಸಿಕ್ಕಿಕೊಂಡಿತು. ಎಡವಟ್ಟು ಯಾವಾಗಲೂ ದೂರದಲ್ಲೇ ಇರುತ್ತದೆ ಎಂಬುದು ಅವರ ಸಿದ್ಧಾಂತ. ಕಾಲ ಬುಡದ ಬ್ಯಾಟರಿಯನ್ನು ಮಾತ್ರ ನೋಡಲಿಲ್ಲ.

ಜಗಲಿಯ ಮೇಲಿದ್ದ ಅಜ್ಜಿಯ ತಮ್ಮನಿಗೆ ತಡೆಯಲಾಗಲಿಲ್ಲ. ಎದ್ದು ಬಂದು, ಗಾಡಿಯ ಮೆಟ್ಟಿಲ ಹತ್ತಿರ ನಿಂತು, ಬಗ್ಗಿ ಮಂಚದ ಕೆಳಗೆ ನೋಡಿದರು.

"ಅಕ್ಕ, ನಿನ್ನ ಮಗ ಬ್ಯಾಟರಿಗೆ ಕಂಕಣ ಕಟ್ಟವ್ನೆ. ಮದುವೆ ಯಾವಾಗ?"

ಅಷ್ಟು ವರ್ಷಗಳ ಮೇಲೆ ಆಡಿದ ಮೊದಲ ಮಾತು! ಅಜ್ಜಿ ಬಿಡುವವಳೇ?

"ಗೊತ್ತಾದಾಗ ನಾನೇ ಬಂದು ಕರೀತೀನಿ. ಆಳಿನ ಕೈಲಿ ಹೇಳಿಕಳಿಸಲ್ಲ."

ಮಾವ ದಾರ ಕಿತ್ತು, ತಂತಿ ಮತ್ತೆ ಬಿಗಿದರು. ಬಲ್ಬು ಝಗ್ಗನೆ ಹತ್ತಿತು. ನಾವೆಲ್ಲ ಕೈಮುಗಿದೆವು. ಅಜ್ಜಿಯ ಕೈ ಮಾತ್ರ ಮಡಿಲಲ್ಲೇ ಇತ್ತು.

"ಇನ್ನೂ ಹತ್ತಲಿಲ್ವೇನೋ ಮಗ?"

ಬಲ್ಬು ಅವಳ ಮುಖದ ಎದುರಿಗೇ ಉರಿಯುತ್ತಿತ್ತು. "ಈಗ ಹತ್ತುತ್ತೆ ಕಣವ್ವ, ತಡಿ," ಎಂದು ಮಾವ ಮಂಚದ ಕೆಳಗೆ ಬಗ್ಗಿ, ಬಿಗಿಯಾಗೇ ಇದ್ದ ತಿರುಪನ್ನು ಮತ್ತೆ ಬಿಗಿಯತೊಡಗಿದರು. ತಲೆ ಮೇಲೆತ್ತಲಿಲ್ಲ. ನನಗೆ ಅಳು ಬಂತು.

ಅಜ್ಜಿಯ ತಮ್ಮ, ಯಾರೂ ಕರೆಯದೆಯೇ, ಮೆಟ್ಟಿಲು ಹತ್ತಿ ಒಳಗೆ ಬಂದರು. ಅಕ್ಕನ ಬಲಗೈ ಹಿಡಿದು ಬಲ್ಬಿನ ಹತ್ತಿರಕ್ಕೆ ಒಯ್ದರು.

"ಹತ್ಕೊಂಡದೆ ಕಣಕ್ಕ. ಬಿಸಿ ತಾಗ್ತಾ?"

ಅಜ್ಜಿ ಸ್ವಲ್ಪ ಹೊತ್ತು ಅಂಗೈಯನ್ನು ಅಲ್ಲೇ ಹಿಡಿದಿದ್ದಳು. ಆಮೇಲೆ ಮಂಗಳಾರತಿ ತೆಗೆದುಕೊಳ್ಳುವಂತೆ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡಳು. ಮತ್ತೆ ಕೈಚಾಚಿ ತಡಕಾಡಿ ತಮ್ಮನ ಕೈ ಹುಡುಕಿ ಹಿಡಿದುಕೊಂಡಳು.

"ಯಾಕೋ, ಕೈ ಇಷ್ಟೊಂದು ಒರಟಾಗೋಗದೆ? ಕೂತ್ಕೋ ಬಾ," ಎಂದಳು.