ಅರಿಶಿನದ ಕೆಳಗಿನ ಎಂ.ಎಸ್ಸಿ.

ಹೆಚ್ಚು ಓದಿದರೆ ಒಳ್ಳೆಯ ಕೆಲಸ ಸಿಗುತ್ತದೆ ಅಂತ ಯಾರಾದರೂ ಹೇಳಿದರೆ ನಾನು ಮೆಲ್ಲಗೆ ಅಲ್ಲಿಂದ ಎದ್ದುಹೋಗುತ್ತೇನೆ. ಓದನ್ನು ಮುಚ್ಚಿಟ್ಟು ಕೆಲಸ ಹಿಡಿದವಳು ನಾನು. ಮುಚ್ಚಿಟ್ಟಷ್ಟೂ ಅದು ಎಲ್ಲಿಂದಲಾದರೂ ಇಣುಕಿ ನನ್ನ ಮಾನ ಕಳೆಯುತ್ತಲೇ ಬಂದಿದೆ.

ಕೆಲಸ ಸಿಕ್ಕಿದ್ದು

ಗುಮ್ಮಳಾಪುರದ ನಮ್ಮ ಮನೆತನದಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಮಾಡಿದವಳು ನಾನೊಬ್ಬಳೇ. ಸರ್ಟಿಫಿಕೇಟು ಹಿಡಿದು ಹೊಸೂರಿನ ಫ್ಯಾಕ್ಟರಿಗಳನ್ನೆಲ್ಲ ಸುತ್ತಿದೆ. ಲ್ಯಾಬಿನ ಕೆಲಸಕ್ಕೆ ಅನುಭವ ಕೇಳಿದರು. ಅಸೆಂಬ್ಲಿ ಲೈನಿನ ಕೆಲಸಕ್ಕೆ, ಇಷ್ಟು ಓದಿದವರು ಇಲ್ಲಿ ನಿಲ್ಲೋದಿಲ್ಲ ಅಂದರು. ಎಂಟು ತಿಂಗಳು ಕಳೆದ ಮೇಲೆ ಒಂದು ಕಡೆ ಹನ್ನೆರಡನೇ ಕ್ಲಾಸಿನ ಪ್ಲಸ್ ಟೂ ಮಾರ್ಕ್‌ಶೀಟು ಮಾತ್ರ ತೋರಿಸಿದೆ. ಅರ್ಧ ಗಂಟೆಯಲ್ಲಿ ಯೂನಿಫಾರ್ಮ್ ಕೈಗೆ ಬಂತು.

ನಾಚಿಕೆಪಡುತ್ತಲೇ ಊರಿಗೆ ಫೋನು ಮಾಡಿ, ಕೆಲಸ ಸಿಕ್ಕಿತು ಅಂದೆ.

"ನೋಡ್ದಾ, ಓದ್ಸಿದ್ದು ದಂಡ ಆಗ್ಲಿಲ್ಲ," ಅಂದರು ಅಪ್ಪ.

ಬಾಯಿ ಜಾರಿದ್ದು

ಹೊಸಬರಿಗೆ ಸೇಫ್ಟಿ ಕ್ಲಾಸು ನಡೆದಿತ್ತು. ಪೇಂಟಿಗೆ ಬೆರೆಸುವ ಥಿನ್ನರಿಗೆ ಬೆಂಕಿ ಹತ್ತಿದರೆ ನೀರು ಸುರಿಯಿರಿ ಅಂದ ಎಳೆಯ ಇಂಜಿನಿಯರು. ನನಗೆ ತಡೆಯಲಾಗಲಿಲ್ಲ. ಥಿನ್ನರು ನೀರಿನ ಮೇಲೆ ತೇಲುತ್ತೆ, ಬೆಂಕಿ ಇನ್ನೂ ಹರಡುತ್ತೆ ಅಂತ ಸಾಂದ್ರತೆಯ ಲೆಕ್ಕದ ಸಮೇತ ಹೇಳಿಬಿಟ್ಟೆ. ನಲವತ್ತು ಹುಡುಗಿಯರೂ ತಿರುಗಿ ನನ್ನನ್ನೇ ನೋಡಿದರು. ಇದೆಲ್ಲ ಎಲ್ಲಿ ಕಲಿತೆ ಅಂತ ಆತ ಕೇಳಿದ. ಮೊಬೈಲಿನಲ್ಲಿ ನೋಡಿದ್ದೆ ಸರ್ ಅಂದೆ.

ಮೊಬೈಲನ್ನು ಹೀಗೆ ಬಳಸಬೇಕು ಅಂತ ಆತ ಎಲ್ಲರಿಗೂ ಬುದ್ಧಿ ಹೇಳಿದ. ನನಗೆ ಎರಡು ವರ್ಷ ಪಾಠ ಮಾಡಿದ ಮೇಷ್ಟ್ರುಗಳ ಪುಣ್ಯವೆಲ್ಲ ಮೊಬೈಲಿಗೆ ಹೋಯಿತು.

ಅಕ್ಕನ ಕಾಳಜಿ

ನಮ್ಮ ಲೈನ್ ಲೀಡರು ತಮಿಳಿನ ಅಕ್ಕ, ಒಳ್ಳೆಯ ಹೆಂಗಸು. ಇಷ್ಟು ಚುರುಕಾದ ಹುಡುಗಿ ಪ್ಲಸ್ ಟೂಗೇ ನಿಂತಳಲ್ಲ ಅಂತ ಆಕೆಗೆ ಕೊರಗು. ಒಂದು ದಿನ ಕ್ಯಾಂಟೀನಿನಲ್ಲಿ, ಅಂಚೆಯಲ್ಲಿ ಓದುವ ಬಿ.ಎಸ್ಸಿ.ಯ ಅರ್ಜಿ ತಂದುಕೊಟ್ಟಳು. ಬಿ.ಎಸ್ಸಿ. ಮುಗಿಸು, ಆಮೇಲೆ ಎಂ.ಎಸ್ಸಿ. ಮಾಡು, ಆಗ ನೋಡು ಎಂಥ ಕೆಲಸ ಸಿಗುತ್ತೆ ಅಂದಳು.

ಸುಳ್ಳು ಹೇಳಿ ಆಕೆಯ ಪ್ರೀತಿ ಗಿಟ್ಟಿಸುತ್ತಿದ್ದೇನೆ ಅಂತ ನನಗೆ ನಿಜವಾಗಿ ಅಳು ಬಂತು. ಎಂ.ಎಸ್ಸಿ. ಮಾಡಿದರೆ ಎಂಥ ಕೆಲಸ ಸಿಗುತ್ತೆ ಅನ್ನೋದು ಆಕೆಯ ಕಣ್ಣೆದುರೇ ಮೊಸರನ್ನ ತಿನ್ನುತ್ತಾ ಕೂತಿತ್ತು.

ಮದುವೆ

ನಮ್ಮ ಕಡೆ ಲಗ್ನಪತ್ರಿಕೆಯಲ್ಲಿ ಹೆಸರಿನ ಪಕ್ಕ ಡಿಗ್ರಿ ಇಲ್ಲದಿದ್ದರೆ ಮದುವೆಗೆ ಕಳೆ ಇಲ್ಲ. ಸೋದರಮಾವ ನನ್ನ ಹೆಸರಿಗಿಂತ ದಪ್ಪಕ್ಷರದಲ್ಲಿ ಎಂ.ಎಸ್ಸಿ. ಅಂತ ಅಚ್ಚು ಹಾಕಿಸಿದ್ದ. ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚೋದು ಶಾಸ್ತ್ರ. ಫ್ಯಾಕ್ಟರಿಯವರ ಪತ್ರಿಕೆಗಳಿಗೆ ನಾನು ನಡುವೆಯೂ ಒಂದು ಬೊಟ್ಟು ಹಚ್ಚಿ ಡಿಗ್ರಿ ಮುಚ್ಚಿದೆ. ಎಷ್ಟು ಮಡಿವಂತ ಮನೆ ಅಂತ ಎಲ್ಲರೂ ಹೊಗಳಿದರು.

ಮತ್ತಿಗಿರಿಯ ಛತ್ರದ ಬಾಗಿಲಲ್ಲಿ ಸೋದರಮಾವ ಕಟ್ಟಿಸಿದ ಫ್ಲೆಕ್ಸು ಮಾತ್ರ ನನ್ನ ಲೆಕ್ಕಕ್ಕೆ ಬಂದಿರಲಿಲ್ಲ. ಅಷ್ಟೆತ್ತರದ ಎಂ.ಎಸ್ಸಿ.ಗೆ ಬಳಿಯಲು ಅರಿಶಿನ ಎಲ್ಲಿಂದ ತರಲಿ. ನಮ್ಮ ಎಚ್‌ಆರ್ ಅಧಿಕಾರಿ, ಕೋಲಾರದ ಕಡೆಯ ಹಿರಿಯರು, ಕನ್ನಡಕ ಸರಿಮಾಡಿಕೊಂಡು ಅದನ್ನು ಎರಡು ಸಲ ಓದಿದ್ದನ್ನು ಮಂಟಪದಿಂದಲೇ ನೋಡಿದೆ. ತಾಳಿ ಕಟ್ಟುವಾಗಲೂ ನನ್ನ ಕಣ್ಣು ಅವರ ಮೇಲೇ ಇತ್ತು.

ರಜೆ ಮುಗಿಸಿ ಹೋದ ದಿನ ಆ ಅಧಿಕಾರಿಯಿಂದ ಕರೆ ಬಂತು. ಸುಳ್ಳು ಮಾಹಿತಿ ಕೊಟ್ಟರೆ ಕೆಲಸದಿಂದ ತೆಗೀಬಹುದು ಅಂತ ಸೇರುವಾಗ ಸಹಿ ಹಾಕಿಕೊಟ್ಟಿದ್ದೆ. ಅವರ ರೂಮಿಗೆ ಹೋದವಳೇ, ತಪ್ಪಾಯ್ತು ಸರ್, ಈ ಕೆಲಸ ಹೋದ್ರೆ ಇನ್ನೆಲ್ಲೂ ಸಿಗಲ್ಲ ಅಂತ ತಲೆ ತಗ್ಗಿಸಿದೆ. ಅವರು ಎದ್ದು ಬಾಗಿಲು ಹಾಕಿದರು.

"ಅದಿರ್ಲಮ್ಮ. ನನ್ ಮಗ್ಳೂ ಎಂ.ಎಸ್ಸಿ. ಮುಗ್ಸಿ ಎರಡ್ ವರ್ಷದಿಂದ ಮನೇಲವ್ಳೆ. ಪಕ್ಕದ ಕಂಪನಿಗೆ ಪ್ಲಸ್ ಟೂ ಅಂತ ಹಾಕ್ಸಾನ ಅಂತಿದೀನಿ. ಪ್ಲಸ್ ಟೂ ಆದ್ಮೇಲೆ ಇಷ್ಟ್ ವರ್ಷ ಏನ್ ಮಾಡ್ತಿದ್ದೆ ಅಂತ ಕೇಳ್ತಾರಲ್ಲ, ಅದಕ್ಕೆ ನೀನೇನಂದೆ?"

"ಮನೇಲಿ ಹಸು ನೋಡ್ಕೊಂಡಿದ್ದೆ ಅಂದೆ ಸರ್."

ಅವರು ಕೆನ್ನೆಗೆ ಕೈ ಕೊಟ್ಟು ಕೂತರು.

"ನಾವು ಅಪಾರ್ಟ್‌ಮೆಂಟಲ್ಲಿ ಮೂರನೇ ಫ್ಲೋರಲ್ಲಿದೀವಲ್ಲಮ್ಮ," ಅಂದರು.