ಚಂದ್ರಯ್ಯನವರ ಕಾರಿನ ಬಾಯಾರಿಕೆ

ಹೊಳೆನರಸೀಪುರದ ಬೆಲ್ಲದ ಮಂಡಿ ಚಂದ್ರಯ್ಯನವರು ವ್ಯಾಪಾರದಲ್ಲಿ ಯಾವತ್ತೂ ಮೋಸಹೋದವರಲ್ಲ. ಹಾಗಂತ ಅವರೇ ಹೇಳುತ್ತಿದ್ದರು. ಬೆಲ್ಲದ ಅಚ್ಚನ್ನು ಬೆರಳಲ್ಲಿ ತಟ್ಟಿ, ಇದು ಯಾವ ಊರಿನ ಕಬ್ಬು, ಆಲೆಮನೆಯವನು ಎಷ್ಟು ಸುಣ್ಣ ಹಾಕಿದ್ದಾನೆ ಎಂದು ಹೇಳಬಲ್ಲ ಮನುಷ್ಯ ಒಂದು ಹಳೇ ಕಾರಿಗೆ ಹೆದರುತ್ತಾನೆಯೇ?

ಕಾರು ಸಕಲೇಶಪುರದ ಕಡೆಯ ತೋಟದ ಇಂಗ್ಲಿಷ್ ದೊರೆಯೊಬ್ಬ ತನ್ನ ಸೀಮೆಗೆ ಹೊರಡುವಾಗ ಬಿಟ್ಟುಹೋದದ್ದು. ದೊರೆ ಹೋದ ಮೇಲೆ ಅದರಲ್ಲಿ ಕೋಳಿಗಳು ಮೊಟ್ಟೆಯಿಡುತ್ತಿದ್ದವು. ಕೋಳಿಗಳನ್ನು ಇಳಿಸಿ ಕಾರನ್ನು ಮನೆಗೆ ತಂದದ್ದಕ್ಕೆ ಚಂದ್ರಯ್ಯನವರಿಗೆ ಒಂದು ಘನವಾದ ಕಾರಣವಿತ್ತು. ಮಗಳು ಜಯಲಕ್ಷ್ಮಿಯನ್ನು ಕೇಳಿದ್ದ ಚನ್ನರಾಯಪಟ್ಟಣದ ತಿಮ್ಮಪ್ಪನವರ ಮಗ ಹಾಸನದಲ್ಲಿ ಗುಮಾಸ್ತ; ಮದುವೆಗೆ ಸ್ಕೂಟರ್ ಬೇಕೆಂದಿದ್ದ. ಸ್ಕೂಟರಿಗೆ ಹೆಸರು ಬರೆಸಿ, ಅದು ಕೈಗೆ ಬರುವಷ್ಟರಲ್ಲಿ ಮೊಮ್ಮಕ್ಕಳು ಶಾಲೆಗೆ ಹೋಗುವ ಕಾಲ ಅದು!

"ಸ್ಕೂಟರಿಗೆ ಎರಡೇ ಚಕ್ರ, ಕಾರಿಗೆ ನಾಲ್ಕು. ಬೀಗರು ಎಣಿಸಿ ನೋಡ್ಕೊಳ್ಳಲಿ" ಎಂದರು ಹೆಂಡತಿಗೆ.

"ಓಡೋ ಎರಡು ಮೇಲೋ, ನಿಂತಿರೋ ನಾಲ್ಕು ಮೇಲೋ?" ಎಂದು ಕೇಳಿ ನಂಜಮ್ಮ ಒಳಗೆ ಹೋದಳು.

ಕಾರು ಓಡಿತು. ಮಂಡಿಯ ಲಾರಿ ಡ್ರೈವರ್ ಬೈರಯ್ಯ ಮೊದಲ ದಿನವೇ ಮನೆಯ ಮುಂದೆ ನಿಲ್ಲಿಸಿ, ರೇಡಿಯೇಟರಿನ ಬುಡದ ನಲ್ಲಿ ತಿರುವಿ, ತುಕ್ಕಿನ ನೀರೆಲ್ಲ ಬಸಿದು ಹೊಸ ನೀರು ತುಂಬಿದ. ಚಂದ್ರಯ್ಯನವರ ತಾಯಿ ದೊಡ್ಡತಾಯಮ್ಮ ಜಗಲಿಯಲ್ಲಿ ಕೂತು ಮಂಡಿ ನೀವಿಕೊಳ್ಳುತ್ತ ಎಲ್ಲವನ್ನೂ ನೋಡಿದರು. ಅವರಿಗೆ ಆಗ ಬೇಸರದ ಕಾಲ. ಸಂಜೆ ಹೊತ್ತು ಬಿಸಿನೀರಲ್ಲಿ ಕಾಲು ಇಡುವ ಅವರ ಅಭ್ಯಾಸಕ್ಕೆ ಮಗ ಕಲ್ಲು ಹಾಕಿದ್ದ. ಹಂಡೆ ಒಲೆಗೆ ವಾರಕ್ಕೊಂದೇ ದಿನ ಬೆಂಕಿ. ಸೌದೆ ಏನು ಪುಕ್ಕಟೆ ಬರುತ್ತದೆಯೇ?

ಎರಡನೆಯ ದಿನ ಬೆಳಗ್ಗೆ ರೇಡಿಯೇಟರಿನ ಮುಚ್ಚಳ ತೆಗೆದರೆ ಒಳಗೆ ನೀರಿಲ್ಲ. ತುಂಬಿಸಿದರು. ಮಾರನೆಯ ಬೆಳಗ್ಗೆ ಮತ್ತೆ ಇಲ್ಲ. ಹಳ್ಳಿಮೈಸೂರಿಗೆ ಹೋಗಿಬಂದರೂ ದಾರಿಯಲ್ಲಿ ತೊಟ್ಟು ಸೋರದ ಕಾರು, ಮನೆ ಮುಂದೆ ನಿಂತರೆ ಸಾಕು, ಬರಿದಾಗುತ್ತಿತ್ತು.

"ಎಲ್ಲಿ ಸೋರುತ್ತದೆ ಅಂತ ಕಂಡುಹಿಡೀದಿದ್ರೆ ನಾನು ಮಂಡಿ ಚಂದ್ರಯ್ಯನೇ ಅಲ್ಲ!" ಎಂದು ಶಪಥವಾಯಿತು.

ಊಟ ಮುಗಿಸಿ, ಮಲಗುವ ಮೊದಲು, ಕಾರಿನ ಕೆಳಗೆ ಒಲೆಯ ಬೂದಿಯನ್ನು ಜರಡಿ ಹಿಡಿದು ಹಾಸಿದರು. ಹನಿ ಬಿದ್ದರೆ ಗುರುತು ಸಿಗಬೇಕು. ಬೆಳಗ್ಗೆ ಹೊಟ್ಟೆ ನೆಲಕ್ಕೆ ಹಚ್ಚಿ ನೋಡಿದರೆ, ಬೂದಿಯ ಮೇಲೆ ಬೆಕ್ಕಿನ ಹೆಜ್ಜೆ ಇತ್ತು, ನೀರಿನ ಗುರುತಿಲ್ಲ. ರೇಡಿಯೇಟರ್ ಮಾತ್ರ ಒಣಗಿತ್ತು. ಚಂದ್ರಯ್ಯನವರು ಎದ್ದು ನಿಂತಾಗ ವಿಭೂತಿ ಬಳಿದುಕೊಂಡ ಸನ್ಯಾಸಿಯಂತೆ ಕಂಡರು.

ಬೈರಯ್ಯ ಬೀಡಿ ಕಚ್ಚಿಕೊಂಡು ತೀರ್ಪು ಕೊಟ್ಟ: "ಈಚೆಗೆ ಬತ್ತಿಲ್ಲ ಅಂದ್ರೆ ವಳಗೇ ಕುಡೀತೈತೆ ಯಜಮಾನ್ರೇ. ಇಂಜನ್ ಬಿಚ್ಚಬೇಕು."

"ಸೋಮವಾರ ಬೀಗರನ್ನ ಇದರಲ್ಲೇ ಕರ್ಕೊಂಡು ಬರಬೇಕು ಕಣಯ್ಯ! ಬಿಚ್ಚಿದರೆ ಮುಚ್ಚೋರು ಯಾರು?"

"ಅಂಗಾದ್ರೆ ಒಂದ್ ಹಿಡಿ ರಾಗಿಹಿಟ್ಟು ಆಕ್ಬುಡಿ ಸಾ. ಬಿಸಿಗೆ ಬೆಂದು ಎಲ್ಲಿ ಬಿರುಕು ಐತೋ ಅಲ್ಲೇ ಮೆತ್ಕೋತದೆ. ನಮ್ ಲಾರೀಗೆ ಆಕಿದ್ವಿ, ಇನ್ನೂ ಓಡ್ತಾ ಐತೆ."

ರಾಗಿ ತಿಂದು ಬೆಳೆದ ದೇಹಗಳೇ ಗಟ್ಟಿಯಾಗಿರುವಾಗ ಕಾರೇಕೆ ಗಟ್ಟಿಯಾಗಬಾರದು? ಚಂದ್ರಯ್ಯನವರು ಮಂಡಿಯಲ್ಲೇ ಹಿಟ್ಟು ಸುರಿದು, ಊರು ಸುತ್ತಿ ಬೇಯಿಸಿ, ಸಂಜೆ ಕಾರನ್ನು ಮನೆ ಮುಂದೆ ನಿಲ್ಲಿಸಿ, ಕೈಕಾಲು ತೊಳೆದು ರೇಡಿಯೋ ಮುಂದೆ ಕೂತರು. ಬೆಳಗ್ಗೆ ಮುಚ್ಚಳ ತೆಗೆದರೆ ನೀರೂ ಇಲ್ಲ, ಹಿಟ್ಟೂ ಇಲ್ಲ!

"ನೀರು ಕುಡಿಯೋ ಕಾರು ಅಂತ ಸಮಾಧಾನ ಮಾಡ್ಕೊಂಡಿದ್ದೆ. ಇದು ಊಟಾನೂ ಮಾಡ್ತದೆ!"

"ಅದು ಹೋಗ್ಲಿ. ನಮ್ಮೆಮ್ಮೆ ಇವತ್ತು ಹಾಲು ಜಾಸ್ತಿ ಕೊಡ್ತು ಕಣ್ರೀ" ಎಂದಳು ನಂಜಮ್ಮ.

"ಎಮ್ಮೆ ಮಾತು ಯಾರಿಗೆ ಬೇಕು ಈಗ?"

ಮನೆಯಲ್ಲಿ ಒಂದೇ ಒಂದು ನೆಮ್ಮದಿ ಎಂದರೆ ಅವ್ವನ ಗೊಣಗಾಟ ನಿಂತಿತ್ತು. ಮಂಡಿನೋವಿನ ಸುದ್ದಿಯೇ ಇಲ್ಲ. ಎಲ್ಲ ಕಾರಿನ ಕಾಲ್ಗುಣ ಎಂದುಕೊಂಡರು ಚಂದ್ರಯ್ಯನವರು.

ಸೋಮವಾರ ಬಂತು. ರೇಡಿಯೇಟರಿಗೆ ಹಿಟ್ಟಿನ ಪಾಲು ಹೆಚ್ಚಿಸಿ, ಮನೆದೇವರಿಗೆ ಕಾಯಿ ಹರಸಿಕೊಂಡು, ಚನ್ನರಾಯಪಟ್ಟಣಕ್ಕೆ ಹೊರಟರು. ಕಾರಲ್ಲೇ ಕರೆತರುವುದಾಗಿ ಮಾತು ಕೊಟ್ಟಾಗಿತ್ತು; ದಾರಿಯಲ್ಲಿ ಕಾರು ಕೆಟ್ಟರೆ ಸಂಬಂಧವೂ ಕೆಟ್ಟಂತೆ. ತಿಮ್ಮಪ್ಪನವರು ಮಾತಿಗೆ ತಪ್ಪಿದವರ ಮನೆಯಲ್ಲಿ ನೀರನ್ನೂ ಮುಟ್ಟದ ಮನುಷ್ಯ. ಕಾರು ಮಾನ ಕಾಪಾಡಿತು. ಬರುವಾಗ ಹಿಂದಿನ ಸೀಟಿನಲ್ಲಿದ್ದ ತಿಮ್ಮಪ್ಪನವರು ಮಾತ್ರ ಮೂಗು ಅರಳಿಸಿದರು.

"ಎಲ್ಲೋ ಮುದ್ದೆಗೆ ಎಸರು ಕುದೀತಾ ಐತಲ್ಲ?"

"ಹಳ್ಳಿಗಳು ನೋಡಿ ಬೀಗರೇ. ಅಡಿಗೆ ಹೊತ್ತು."

ಮುಂದೆ ಊರೇ ಇಲ್ಲದ ಬಯಲಲ್ಲೂ ಎಸರು ಕುದಿಯಿತು.

ದೀಪ ಹಚ್ಚುವ ಹೊತ್ತಿಗೆ ಹೊಳೆನರಸೀಪುರ ಸೇರಿದರು. ಹೆಣ್ಣು ನೋಡುವ ಶಾಸ್ತ್ರ ಮುಗಿಯಿತು. ಜಗಲಿಯ ಮೇಲೆ ಕಾಫಿ ಬಂತು. ಚಂದ್ರಯ್ಯನವರು ಆಗ ಸುಮ್ಮನಿರಬಹುದಿತ್ತು.

"ಅಳಿಯಂದಿರಿಗೆ ಸ್ಕೂಟರ್ ಯಾಕೆ? ಈ ಕಾರೇ ತಗೊಳ್ಳಲಿ! ಸಣ್ಣದೊಂದು ಸೋರಿಕೆ ಇತ್ತು. ದೊಡ್ಡ ದೊಡ್ಡ ಡ್ರೈವರುಗಳು ಕೈ ಚೆಲ್ಲಿದ್ರು. ನಾನೇ ಹುಡುಕಿ, ನನ್ನ ಕೈಯಾರೆ ಬಂದ್ ಮಾಡಿದೆ. ಇನ್ನು ಒಂದು ತೊಟ್ಟು ಈಚೆಗೆ ಬರೋದಿಲ್ಲ!"

ಆ ಹೊತ್ತಿಗೆ ಸರಿಯಾಗಿ ದೊಡ್ಡತಾಯಮ್ಮ ಹಿತ್ತಾಳೆ ಬೋಗುಣಿ ಹಿಡಿದು ಜಗಲಿ ಇಳಿದರು. ನೇರವಾಗಿ ಕಾರಿನ ಮುಂದೆ ಹೋಗಿ, ಬಗ್ಗಿ, ಬೋಗುಣಿಯಿಟ್ಟು, ಸೆರಗಿನ ತುದಿಯಿಂದ ನಲ್ಲಿ ಹಿಡಿದು ತಿರುವಿದರು. ಹೊಗೆಯಾಡುವ ರಾಗಿ ಅಂಬಲಿ ಗುಳುಗುಳು ಇಳಿಯಿತು.

"ಅವ್ವಾ! ಏನ್ ಮಾಡ್ತಿದ್ದೀಯ?"

"ದಿನಾ ಮಾಡೋದೇ ಕಣಪ್ಪ. ಸೌದೆ ಸುಡಬ್ಯಾಡ ಅಂದೋನು ನೀನು. ಇದ್ರಲ್ಲಿ ಬಿಸಿನೀರು ಸುಮ್ನೆ ಆರೋಗ್ತಿತ್ತು. ಕಬ್ಬಿಣದ ನೀರು ಮಂಡೀಗೆ ಬೋ ಒಳ್ಳೇದು. ಮೊನ್ನೆ ಯಾಕೋ ಗಂಜಿ ಬಂತು, ಎಮ್ಮೆಗಾಕ್ದೆ. ಇವತ್ತೂ ಗಂಜೀನೇ. ಇನ್ಮೇಲೆ ಹಿಟ್ಟಾಕಿದ್ರೆ ಒಂದ್ ಕಲ್ಲು ಉಪ್ಪೂ ಆಕು ಮಗ, ಎಮ್ಮೆಗೆ ಸಪ್ಪೆಯಾಯ್ತದೆ."

ಚಂದ್ರಯ್ಯನವರು ಹೆಂಡತಿಯ ಕಡೆ ತಿರುಗಿದರು. "ನಿನಗೆ ಗೊತ್ತಿತ್ತೇನೇ?"

"ಗೊತ್ತಿತ್ತು."

"ಮತ್ತೆ ಬೂದಿ ಹಾಸಿ ಒದ್ದಾಡ್ತಿದ್ದಾಗ ಹೇಳಬಾರದಿತ್ತಾ?"

"ನೀವು ಎಲ್ಲಿ ಸೋರ್ತದೆ ಅಂತ ಕೇಳ್ತಿದ್ರಿ. ಎಲ್ಲೂ ಸೋರ್ತಿರಲಿಲ್ಲವಲ್ಲ."

ತಿಮ್ಮಪ್ಪನವರು ಲೋಟ ಕೆಳಗಿಟ್ಟರು. ಬೋಗುಣಿ ನೋಡಿದರು, ಕಾರು ನೋಡಿದರು, ಕೊನೆಗೆ ಚಂದ್ರಯ್ಯನವರನ್ನು ನೋಡಿದರು. ಬೆಲ್ಲದ ಅಚ್ಚನ್ನು ತಟ್ಟಿ ನೋಡುವವರ ನೋಟ ಅದು.

"ಹುಡುಗಿ ಒಪ್ಪಿಗೆ" ಎಂದರು ತಿಮ್ಮಪ್ಪನವರು. "ನೀವೇನೇ ಹೇಳಿ, ಈ ಮನೆ ಹೆಂಗಸರು ಯಾವುದನ್ನೂ ದಂಡ ಮಾಡೋರಲ್ಲ. ಆದ್ರೆ ಕಾರು ಬ್ಯಾಡ ಬೀಗರೇ. ಅವ್ವನೋರ ಮಂಡಿ ಶಾಪ ನಮಗ್ಯಾಕೆ? ನಮ್ ಹುಡುಗನಿಗೆ ಸ್ಕೂಟರೇ ಕೊಡ್ಸಿ. ಎಷ್ಟು ದಿನ ಆದ್ರೂ ಕಾಯ್ತೀವಿ."

"ಕಾರು ಬಿಟ್ಟು ಸ್ಕೂಟರ್ ಯಾಕೆ ಬೀಗರೇ?" ಚಂದ್ರಯ್ಯನವರ ದನಿ ಎಲ್ಲೋ ಪಾತಾಳದಿಂದ ಬಂತು.

"ಅದಕ್ಕೆ ನೀರು ಹಾಕೋ ಹಂಗೇ ಇಲ್ಲ, ನೋಡಿ."