ಯಾರಿಗೂ ಹೇಳದ ಫೋನು

ಹನುಮಾನ್ ಘಾಟಿನ ಗಲ್ಲಿಯಲ್ಲಿರುವ ಕನ್ನಡದವರ ಛತ್ರಕ್ಕೆ ನಾನು ಇಪ್ಪತ್ತು ವರ್ಷದಿಂದ ಮ್ಯಾನೇಜರು. ಕಾಶಿಗೆ ಬಂದವರ ಮನಸ್ಸು ಶಾಂತವಾಗುತ್ತದಂತೆ. ಇರಬಹುದು. ಅವರಿಗೆ ರೂಮು ಕೊಡುವವನಿಗೆ ಮಾತ್ರ ವಾರಕ್ಕೊಂದು ಏನಾದರೂ ಆಗುತ್ತಲೇ ಇರುತ್ತದೆ. ಕಳೆದ ವರ್ಷ ಆದದ್ದೆಲ್ಲ ಫೋನಿನಿಂದಲೇ ಆಯಿತು.

೧. ಮುನ್ಸೂಚನೆ

ಯಾತ್ರೆಗೆ ಬಂದ ಹಿರಿಯರೊಬ್ಬರು ಛತ್ರದಲ್ಲೇ ತೀರಿಕೊಂಡರು. ಅವರ ಹೆಂಡತಿಗೆ ಮುಂದೆ ಯಾವ ಕಾಗದಪತ್ರ ಬೇಕು, ಪಿಂಚಣಿ ಹೇಗೆ ಬರುತ್ತದೆ ಎಂದು ನನ್ನ ಫೋನಿನಲ್ಲಿ ಹುಡುಕಿಕೊಟ್ಟೆ. ಅವರು ಊರಿಗೆ ಹೋದರು. ಫೋನು ಮಾತ್ರ ಆ ವಿಷಯ ಬಿಡಲಿಲ್ಲ. ತೆರೆದಾಗಲೆಲ್ಲ ಜೀವವಿಮೆಯ ಜಾಹೀರಾತು, ‘ನಿಮ್ಮ ನಂತರ ನಿಮ್ಮವರಿಗೆ ಯಾರು?’ ಎಂಬ ಪ್ರಶ್ನೆ.

ಒಂದು ದಿನ ನನ್ನ ಹೆಂಡತಿ ಅದರಲ್ಲಿ ಬಿಸಿಬೇಳೆಬಾತಿನ ಅಳತೆ ನೋಡಲು ಹೋಗಿ ಇದನ್ನೆಲ್ಲ ನೋಡಿದಳು. ಅಡುಗೆಮನೆಯಿಂದ ಕಣ್ಣೊರೆಸಿಕೊಳ್ಳುತ್ತಾ ಬಂದಳು.

“ಏನ್ರೀ, ಡಾಕ್ಟ್ರು ಏನಾದ್ರೂ ಹೇಳಿದಾರಾ? ನನ್ನಿಂದ ಮುಚ್ಚಿಡಬೇಡಿ.”

“ಏನೂ ಹೇಳಿಲ್ವೇ. ನಾನು ಬೇರೆಯವರಿಗೆ ಹುಡುಕಿಕೊಟ್ಟದ್ದು. ಫೋನು ನಾವು ಮಾಡಿದ್ದೆಲ್ಲ ಕಂಪನಿಗೆ ಹೇಳುತ್ತೆ, ಅವರು ಹಿಂದೆ ಬೀಳ್ತಾರೆ.”

ಸಮಾಧಾನವಾದ ಹಾಗೆ ಕಂಡಿತು. ರಾತ್ರಿ ಊಟಕ್ಕೆ ಬಡಿಸುವಾಗ ಹೇಳಿದಳು: “ಹೋಗ್ಲಿ ಬಿಡಿ. ಆದ್ರೆ ಅದರಲ್ಲಿ ಎರಡನೇ ವಿಮೆ ಚೆನ್ನಾಗಿದೆ. ಒಂದು ಮಾಡಿಸಿಬಿಡಿ.”

೨. ಮನೆಯಲ್ಲೇ ಮಾಡಿದ್ದು

ಆವತ್ತೇ ತೀರ್ಮಾನ ಮಾಡಿದೆ, ನನ್ನ ಸುದ್ದಿ ಯಾರಿಗೂ ಮುಟ್ಟಿಸದ ಫೋನು ಬೇಕು. ಅದಕ್ಕೆ ದಾರಿಯಿದೆ. ಫೋನಿನ ಜೊತೆ ಬಂದ ವ್ಯವಸ್ಥೆಯನ್ನು ಪೂರ್ತಿ ಅಳಿಸಿ, ಯಾವ ಕಂಪನಿಗೂ ವರದಿ ಒಪ್ಪಿಸದ ಇನ್ನೊಂದನ್ನು ಕಂಪ್ಯೂಟರಿನಿಂದ ನಾವೇ ಹಾಕಿಕೊಳ್ಳಬಹುದು. ಎಲ್ಲ ಫೋನಿಗೂ ಆಗುವುದಿಲ್ಲ, ಒಳಗಿನ ಬೀಗ ತೆಗೆಯಲು ಬಿಡುವಂಥದ್ದೇ ಆಗಬೇಕು.

ಕಂಟೋನ್ಮೆಂಟಿನ ಹತ್ತಿರ ಹಳೇ ಫೋನಿನ ಅಂಗಡಿಗೆ ಹೋಗಿ, “ಇದರ ಲಾಕ್ ತೆಗೆಯೋಕೆ ಆಗುತ್ತಾ?” ಎಂದು ಹಿಂದಿಯಲ್ಲಿ ಕೇಳಿದೆ.

ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೆಲ್ಲಗೆ, “ಚಾಚಾ, ನಮ್ಮಲ್ಲಿ ಕದ್ದ ಮಾಲಿನ ಕೆಲಸ ಮಾಡಲ್ಲ,” ಎಂದ.

ಹೇಗೋ ತಿಳಿಸಿ ಹೇಳಿ ಒಂದನ್ನು ತಂದೆ. ಮೂರು ಭಾನುವಾರ ಹಿಡಿಯಿತು. ಮೊದಲನೇ ಭಾನುವಾರ ಕರೆಂಟು ಹೋಯಿತು. ಎರಡನೆಯದರಲ್ಲಿ ಫೋನು ಕಪ್ಪಾಗಿ ಕೂತಿತು, ಸಂಜೆವರೆಗೂ ಏಳಲಿಲ್ಲ. ಮೂರನೆಯದರಲ್ಲಿ ಎದ್ದಿತು. ಹಳೇ ನಂಬರುಗಳನ್ನು ಕಂಪನಿಯ ಖಾತೆಯಿಂದ ಇಳಿಸಿಕೊಳ್ಳುವುದು ಬೇಡವೆಂದು ಪುಸ್ತಕ ನೋಡಿ ಒಂದೊಂದಾಗಿ ಕೈಯಲ್ಲೇ ಹಾಕತೊಡಗಿದೆ. ಪಟ್ಟಿಯಲ್ಲಿ ಇಲ್ಲದವರು ಕರೆದರೆ ಫೋನು ಸದ್ದೇ ಮಾಡದ ಹಾಗೆಯೂ ಇಟ್ಟೆ.

ಹೆಂಡತಿ ಹತ್ತಿರ ಬಂದು ಕೂತಳು. “ಇದರಲ್ಲಿ ಬ್ಯಾಂಕು ಬರುತ್ತಾ?”

“ಇಲ್ಲ, ಬ್ಯಾಂಕಿನ ಆ್ಯಪು ಒಪ್ತಾ ಇಲ್ಲ.”

“ರೈಲ್ವೆ ಟಿಕೆಟ್ಟು?”

“ಸದ್ಯಕ್ಕಿಲ್ಲ.”

“ಮತ್ತೆ ಮೂರು ವಾರ ಕೂತು ಏನು ಮಾಡಿದ್ರಿ?”

“ಇದು ನನ್ನ ಮೇಲೆ ಕಣ್ಣಿಡಲ್ಲ.”

“ನನ್ನ ಹತ್ರ ಹೇಳಿದ್ರೆ ನಾನೂ ಇಡ್ತಿರಲಿಲ್ಲ,” ಎಂದು ಎದ್ದು ಹೋದಳು.

೩. ಕೊಂಡು ತಂದದ್ದು

ನನ್ನ ಪಾಡು ನೋಡಿ, ಪಕ್ಕದ ಮನೆಯ ಶಾಸ್ತ್ರಿಗಳು ಅಂಥದ್ದೇ ಫೋನನ್ನು ಸಿದ್ಧವಾಗಿಯೇ ತರಿಸಿಕೊಂಡರು. ಅವರು ಯಾತ್ರಿಕರಿಗೆ ಪಿಂಡಪ್ರದಾನ ಮಾಡಿಸುವವರು. ಎಲ್ಲ ಹಾಕಿ, ಬೀಗ ಜಡಿದು, ಡಬ್ಬಿಯಲ್ಲಿಟ್ಟು ಕಳಿಸಿದ್ದರು.

“ಯಾರು ಮಾಡಿಕೊಟ್ಟದ್ದು, ಶಾಸ್ತ್ರಿಗಳೇ?”

“ಅವರು ಹೆಸರು ಹೇಳಲ್ಲ. ಅಷ್ಟು ಗುಟ್ಟು.”

“ಗುರುತಿಲ್ಲದವರು ಒಳಗೆ ಏನು ಹಾಕಿದ್ದಾರೋ ಏನೋ. ನಾವೇ ಮಾಡಿಕೊಂಡರೆ ಆ ಭಯ ಇಲ್ಲ.”

ಶಾಸ್ತ್ರಿಗಳಿಗೆ ಸ್ವಲ್ಪ ಬೇಸರವಾಯಿತು. “ನೋಡಿ, ಎಲ್ಲರೂ ನಾವೇ ಮಾಡಿಕೊಳ್ತೀವಿ ಅಂತ ಹೊರಟರೆ ನನ್ನ ಹತ್ರ ಯಾರು ಬರ್ತಾರೆ? ಬಲ್ಲವರ ಕೈಲಿ ಮಾಡಿಸೋದೇ ಕ್ರಮ.”

ಅವರ ಫೋನು ನನ್ನದಕ್ಕಿಂತ ಚೆನ್ನಾಗಿಯೇ ಇತ್ತು. ಆದರೆ ಶಾಸ್ತ್ರಿಗಳಿಗೆ ಕಿವಿ ಮಂದ. ಘಾಟಿನ ಮೆಟ್ಟಿಲ ಮೇಲೆ ನಿಂತು, ಸ್ಪೀಕರ್ ಹಾಕಿಕೊಂಡೇ ಮಾತಾಡುತ್ತಾರೆ. ಒಂದು ಬೆಳಿಗ್ಗೆ ಯಾರೋ ಬಳ್ಳಾರಿಯವರ ಗೋತ್ರ, ಮೂರು ತಲೆಮಾರಿನ ಹೆಸರು, ಬರುವ ಗಾಡಿ, ಅಣ್ಣತಮ್ಮಂದಿರ ಜಗಳ ಎಲ್ಲವನ್ನೂ ಹಾಗೆಯೇ ಕೇಳಿಕೊಂಡರು. ಆ ಬಳ್ಳಾರಿಯವರು ಬಂದು ಇಳಿದಾಗ ಯಾತ್ರಿಕರಿಂದಲೇ ಕನ್ನಡ ಕಲಿತ ದೋಣಿಯವನೊಬ್ಬ ಕೈಮುಗಿದು, “ಬನ್ನಿ, ಚಿಕ್ಕವರು ಬಂದಿಲ್ವಾ? ಇನ್ನೂ ಕೋಪ ಹೋಗಿಲ್ಲ ಅನ್ನಿ,” ಎಂದ.

೪. ಹನ್ನೆರಡನೇ ರೂಮು

ನಮ್ಮ ಹನ್ನೆರಡನೇ ರೂಮಿನಲ್ಲಿ ದಾವಣಗೆರೆ ಕಡೆಯ ಅಜ್ಜಿಯೊಬ್ಬರಿದ್ದಾರೆ. ಕೊನೆಗಾಲ ಕಾಶಿಯಲ್ಲೇ ಕಳೆಯಬೇಕೆಂದು ತಾವೇ ಹಟ ಹಿಡಿದು ಬಂದವರು. ಮಕ್ಕಳಿಲ್ಲ. ಅಣ್ಣನ ಮಗ ಮಗನ ಹಾಗೆ ನೋಡಿಕೊಳ್ಳುತ್ತಾನೆ, ಸ್ವಲ್ಪ ಹೆಚ್ಚಾಗಿಯೇ. ಅಜ್ಜಿ ಎಲ್ಲಿದ್ದಾರೆಂದು ಅವನಿಗೆ ನಕ್ಷೆಯಲ್ಲಿ ಚುಕ್ಕಿಯಾಗಿ ಕಾಣುವ ಹಾಗೆ ಅವರ ಫೋನಿನಲ್ಲಿ ಏರ್ಪಾಡು ಮಾಡಿದ್ದ. ಅಜ್ಜಿಗೆ ಸಕ್ಕರೆ ಕಾಯಿಲೆ. ಜಿಲೇಬಿಯೆಂದರೆ ಪ್ರಾಣ.

“ಮ್ಯಾನೇಜರಪ್ಪ, ಸೋಮವಾರದಿಂದ ದಿನಾ ಫೋನು ಮಾಡಿ, ಅತ್ತೆ, ಮಿಠಾಯಿ ಅಂಗಡಿ ಮುಂದೆ ಇಪ್ಪತ್ತು ನಿಮಿಷ ಏನು ಮಾಡ್ತಿದ್ರಿ ಅಂತ ಕೇಳ್ತಾನೆ. ನಾನು ಅಡ್ಡಲಾಗಿ ಎತ್ತು ನಿಂತಿತ್ತು ಅಂದೆ.”

“ನಂಬಿದ್ನಾ?”

“ಸೋಮವಾರ ನಂಬಿದ. ದಿನಾ ಎತ್ತು ನಿಲ್ಲುತ್ತಾ?”

೫. ಎಲ್ಲ ಮುಗೀತು

ಅಜ್ಜಿಯ ಫೋನಿಗೂ ಹೊಸ ವ್ಯವಸ್ಥೆ ಹಾಕಿಕೊಡಲು ಒಪ್ಪಿಕೊಂಡೆ. ಒಂದು ಸಂಜೆ ಕೇದಾರ ಘಾಟಿನ ಈಶ್ವರನ ದರ್ಶನ ಮುಗಿಸಿ ಇಬ್ಬರೂ ಬರುತ್ತಿದ್ದೆವು. ಹರಿಶ್ಚಂದ್ರ ಘಾಟಿನ ಹತ್ತಿರ ಅಜ್ಜಿಗೆ ಕಾಲು ನೋವು ಬಂತು. ಅಲ್ಲೇ ಮೆಟ್ಟಿಲ ಮೇಲೆ ಅರ್ಧ ಗಂಟೆ ಕೂತರು. ಕೆಳಗೆ ಚಿತೆಗಳು ಉರಿಯುತ್ತಿದ್ದವು. ಏಳುವ ಮುಂಚೆ ಫೋನನ್ನು ನನ್ನ ಕೈಗೆ ಕೊಟ್ಟರು. ನಾನು ಆಫ್ ಮಾಡಿ ಚೀಲಕ್ಕೆ ಹಾಕಿಕೊಂಡೆ.

ಮೂರನೇ ದಿನ ಬೆಳಿಗ್ಗೆ, ಎರಡು ಮೂರು ದಿನದ ಗಡ್ಡ ಬಿಟ್ಟ ಒಬ್ಬರು ಛತ್ರದ ಮೇಜಿನ ಮುಂದೆ ಬಂದು ನಿಂತರು.

“ನಾನು ಹನ್ನೆರಡನೇ ರೂಮಿನವರ ಅಣ್ಣನ ಮಗ,” ಎಂದರು. ಫೋನಿನ ವಿಷಯಕ್ಕೆ ಜಗಳಕ್ಕೆ ಬಂದಿದ್ದಾರೆ ಎಂದುಕೊಂಡೆ. ಅವರು ಮಾತ್ರ ತಗ್ಗಿದ ದನಿಯಲ್ಲಿ ಕೇಳಿದರು: “ಎಲ್ಲ ಮುಗೀತಾ?”

“ನಿನ್ನೆ ಮುಗೀತು. ಸ್ವಲ್ಪ ಕಷ್ಟ ಆಯ್ತು. ಮಧ್ಯದಲ್ಲಿ ವಿಪರೀತ ಬಿಸಿಯಾಗಿಬಿಡ್ತು.”

ಅವರು ಗೋಡೆ ಹಿಡಿದುಕೊಂಡರು. “ಯಾರು ಮಾಡಿದ್ರು?”

“ನಾನೇ ಮಾಡಿದೆ. ಹೊರಗಿನವರಿಗೆ ಕೊಡೋಕೆ ಧೈರ್ಯ ಬರಲಿಲ್ಲ.”

“ನಮಗೊಂದು ಮಾತು ಹೇಳಬಾರದಿತ್ತಾ?”

“ಅಜ್ಜಿಯೇ ಬೇಡ ಅಂದ್ರು. ಅವನಿಗೆ ಗೊತ್ತಾದರೆ ಬಿಡಲ್ಲ ಅಂದ್ರು.”

ಆತ ಬೆಂಚಿನ ಮೇಲೆ ಕುಸಿದು ಮುಖ ಮುಚ್ಚಿಕೊಂಡು ಅಳತೊಡಗಿದರು. ಒಂದು ಫೋನಿಗೆ ಯಾರೂ ಇಷ್ಟು ಅಳುವುದಿಲ್ಲ ಎಂದು ನನಗೆ ಆಗ ಹೊಳೆಯಿತು. ಕೇಳಿದರೆ, ಚುಕ್ಕಿ ಅರ್ಧ ಗಂಟೆ ಸ್ಮಶಾನದಲ್ಲಿ ನಿಂತು ಆಮೇಲೆ ಮಾಯವಾಗಿತ್ತು. ನನಗೆ ಹದಿನಾಲ್ಕು ಸಲ ಕರೆ ಮಾಡಿದ್ದರು. ನನ್ನ ಪಟ್ಟಿ ಇನ್ನೂ ‘ಗ’ ಅಕ್ಷರದಲ್ಲಿತ್ತು, ಅವರ ಹೆಸರು ‘ಶ’ದಲ್ಲಿ. ಫೋನು ಒಂದು ಸಲವೂ ಸದ್ದು ಮಾಡಿರಲಿಲ್ಲ. ನಾಚಿಕೆಯಾಗಿ, ಮುಗಿದದ್ದು ಫೋನಿನ ಕೆಲಸ ಎಂದು ಹೇಳಹೊರಟೆ.

ಅಷ್ಟರಲ್ಲಿ ಅಜ್ಜಿ ಗಲ್ಲಿಯಿಂದ ಒಳಗೆ ಬಂದರು, ಕೈಯಲ್ಲಿ ಜಿಲೇಬಿಯ ದೊನ್ನೆ. ಅಣ್ಣನ ಮಗನನ್ನು ಕಂಡು ದೊನ್ನೆಯನ್ನು ಸೆರಗಿನಡಿಗೆ ಸರಿಸಿದರು. ಆತ ಎದ್ದು ಕಾಲಿಗೆ ಬಿದ್ದವರು ಏಳಲೇ ಇಲ್ಲ. ಅಜ್ಜಿಗೂ ಕಣ್ಣು ತುಂಬಿತು. ತಲೆ ಸವರುತ್ತಾ, “ಇನ್ನು ದಿನಾ ಸಂಜೆ ನಾನೇ ಫೋನು ಮಾಡ್ತೀನಿ, ಆಯ್ತಾ? ಚುಕ್ಕಿ ಬೇಡ ಕಣೋ,” ಎಂದರು. ಆತ ಒಪ್ಪಿಕೊಂಡರು.

ನನ್ನ ಹೆಂಡತಿ ಕಾಫಿ ತಂದುಕೊಟ್ಟಳು. ಎರಡು ಗುಟುಕು ಕುಡಿದ ಮೇಲೆ ಆತನಿಗೆ ಹೊಸ ಚಿಂತೆ ಶುರುವಾಯಿತು.

“ಅತ್ತೆ, ನಾನು ಸ್ನಾನ ಮಾಡಿ ಊರಿಗೆಲ್ಲ ಹೇಳಿಯೇ ಹೊರಟದ್ದು. ಈಗ ಎಲ್ಲರಿಗೂ ಫೋನು ಮಾಡಿ ಏನಂತ ಹೇಳಲಿ?”

ಅಜ್ಜಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕೂತರು.

“ಇನ್ನೂ ಏನೂ ಹೇಳಬೇಡ. ಯಾರ್ಯಾರು ಅತ್ತರು, ಮೊದಲು ಅದನ್ನ ಹೇಳು.”